ಬೇರೆಯವರ ಮಕ್ಕಳಿಗೆ ನನ್ನ ದುಡ್ಡು ಯಾಕೆ?

ಕಳೆದ ಸಂಚಿಕೆಯಲ್ಲಿ ದುಡಿಯುವ ತಂದೆತಾಯಿಯರ ರಜೆ ಮತ್ತು ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಸರ್ಕಾರದ ನೆರವು ಕುರಿತು ಒಂದು ಲೇಖನ ಹಾಕಿದ್ದೆವು. ಅದಕ್ಕೆ ನಾಲ್ಕು ಪುಟದ ಪತ್ರ ಬಂದಿದೆ. ಬರೆದವರು ಹೆಸರು ಬೇಡ ಅಂದಿದ್ದಾರೆ. ಪತ್ರದ ಮುಖ್ಯ ಮಾತು ಇಷ್ಟು:

"ನನಗೆ 42 ವರ್ಷ. ಮದುವೆಯಾಗಿದೆ. ಮಕ್ಕಳಿಲ್ಲ, ಬೇಡ ಅಂತ ನಾವೇ ತೀರ್ಮಾನ ಮಾಡಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಆದರೆ ಆ ಹೆಗ್ಗಣದ ಖರ್ಚು ನನ್ನ ತೆರಿಗೆಯಿಂದ ಯಾಕೆ ಹೋಗಬೇಕು? ಆಫೀಸಿನಲ್ಲೂ ಅಷ್ಟೇ. ಮಗು ಇರುವವರು ಐದೂವರೆಗೆ ಎದ್ದು ಹೋಗುತ್ತಾರೆ, ಉಳಿದ ಕೆಲಸ ನನ್ನ ಮೇಜಿಗೆ ಬರುತ್ತದೆ. ಸುಮ್ನೆ ದುಡ್ಡು ಕೊಟ್ಟರೆ ಜನ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾರೆ. ಕೊಡಲೇಬೇಕು ಅಂತಿದ್ದರೆ ಎರಡು ಮಕ್ಕಳಿಗೆ ನಿಲ್ಲಿಸಿ."

ಪ್ರಿಯ ಓದುಗರೇ,

ನಿಮ್ಮ ಆಫೀಸಿನ ಮಾತಿನಿಂದಲೇ ಶುರು ಮಾಡುತ್ತೇನೆ. ಅಲ್ಲಿ ನೀವು ಹೇಳಿದ್ದು ಸರಿ. ಆ ತಪ್ಪನ್ನು ನಾನೇ ಮಾಡಿದ್ದೇನೆ.

ಕೆಲವು ವರ್ಷದ ಹಿಂದೆ ನಮ್ಮಲ್ಲಿ ಇಬ್ಬರು ಉಪಸಂಪಾದಕಿಯರಿದ್ದರು. ಒಬ್ಬರಿಗೆ ಎರಡು ವರ್ಷದ ಮಗು. ಮಗು ಇರುತ್ತಿದ್ದ ಡೇ ಕೇರ್ ಆರು ಗಂಟೆಗೆ ಬಾಗಿಲು ಹಾಕುತ್ತಿತ್ತು. ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ ಐದೂಕಾಲಿಗೇ ಅವರ ಕಣ್ಣು ಗಡಿಯಾರದ ಕಡೆ ಹೋಗುತ್ತಿತ್ತು. ಐದೂವರೆಗೆ ಬ್ಯಾಗಿನ ಜಿಪ್ ಎಳೆಯುವ ಸದ್ದು. ಅದೂ ಎಷ್ಟು ನಿಧಾನಕ್ಕೆ ಅಂದರೆ, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ. ಮಿಕ್ಕ ಪ್ರೂಫ್ ಹಾಳೆಗಳು ಪಕ್ಕದ ಮೇಜಿಗೆ. ಆ ಮೇಜಿನವರಿಗೆ ಮದುವೆ ಆಗಿರಲಿಲ್ಲ. 'ಇವತ್ತು ನಿಮಗೆ ಆಗುತ್ತಾ?' ಅಂತ ಅವರನ್ನು ಒಂದು ದಿನವೂ ನಾನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ. ಎರಡು ವರ್ಷ ಹೀಗೇ ನಡೆಯಿತು. ಕೆಲಸ ಬಿಡುವ ದಿನ ಅವರು ಹೇಳಿದ್ದು ಒಂದೇ ಮಾತು: "ನನಗೂ ಮನೆ ಅಂತ ಒಂದಿದೆ. ಅಲ್ಲಿ ಮಗು ಇಲ್ಲ, ಅಷ್ಟೇ."

ತಪ್ಪು ಜಿಪ್ ಎಳೆದವರದ್ದಲ್ಲ. ವೇಳಾಪಟ್ಟಿ ಹಾಕಿದ ನನ್ನದು. ಆಮೇಲೆ ಕೊನೆಯ ಪುಟಗಳ ಗಡುವನ್ನು ಮಧ್ಯಾಹ್ನ ಮೂರಕ್ಕೆ ತಂದೆವು. ಆ ಒಂದು ದಿನದ ಮಟ್ಟಿಗೆ ಹೊರಗಿನಿಂದ ಒಬ್ಬರನ್ನು ಕರೆಸಿಕೊಂಡೆವು. ಆಕಾಶವೇನೂ ಕಳಚಿ ಬೀಳಲಿಲ್ಲ. ಪತ್ರಿಕೆಗೆ ಸ್ವಲ್ಪ ಖರ್ಚು ಬಂತು, ನಿಜ. ಮೊದಲೂ ಆ ಖರ್ಚು ಇತ್ತು. ಪಕ್ಕದ ಮೇಜಿನವರ ಸಂಜೆಯಿಂದ ಅದು ಹೋಗುತ್ತಿತ್ತು, ನನ್ನ ಲೆಕ್ಕದ ಪುಸ್ತಕದಲ್ಲಿ ಕಾಣುತ್ತಿರಲಿಲ್ಲ.

ಇಲ್ಲೇ ನಿಮ್ಮ ಪತ್ರದ ತಮಾಷೆ ಇರುವುದು, ಬೇಜಾರು ಮಾಡಿಕೊಳ್ಳಬೇಡಿ. ಸಹೋದ್ಯೋಗಿಯ ಮಗುವಿನ ಭಾರ ನನ್ನ ಮೇಲೆ ಬೀಳುತ್ತಿದೆ ಅನ್ನುವುದು ನಿಮ್ಮ ಒಂದು ದೂರು. ಆ ಭಾರವನ್ನು ಎಲ್ಲರ ತೆರಿಗೆಯಿಂದ ಹೊರಬಾರದು ಅನ್ನುವುದು ಇನ್ನೊಂದು. ಎಲ್ಲರೂ ಹೊರದಿದ್ದರೆ ಹತ್ತಿರ ಇದ್ದವರು ಹೊರಲೇಬೇಕಲ್ವಾ? ಹತ್ತಿರ ಇದ್ದವರು ಅಂದರೆ ಅಜ್ಜಿ, ತಾಯಿ, ಪಕ್ಕದ ಮೇಜಿನವರು, ಇಲ್ಲವೇ ಮಾಲೀಕರು.

ಮಾಲೀಕರ ಹೆಗಲಿಗೇ ಹಾಕಿದರೆ ಏನಾಗುತ್ತದೆ? 2017ರಲ್ಲಿ ಭಾರತದಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಒಳ್ಳೆಯ ಕೆಲಸ. ಆದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯ ಹೊರಗೆ ಅಷ್ಟೂ ವಾರದ ಸಂಬಳ ಮಾಲೀಕರ ಜೇಬಿನಿಂದಲೇ ಹೋಗಬೇಕು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಶಿಶುಪಾಲನಾ ಕೇಂದ್ರದ ಏರ್ಪಾಡೂ ಅವರದೇ. ಈಗ ಹೊಸದಾಗಿ ಮದುವೆಯಾದ ಹುಡುಗಿ ಸಂದರ್ಶನಕ್ಕೆ ಬಂದು ಕೂತರೆ ಎದುರಿಗಿರುವವರ ತಲೆಯಲ್ಲಿ ಯಾವ ಲೆಕ್ಕ ಓಡುತ್ತದೆ, ಹೇಳಬೇಕಾ? ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. 'ಆಮೇಲೆ ತಿಳಿಸುತ್ತೇವೆ' ಅಂತಾರೆ.

ಇದು ಹೊಸ ತಿಳುವಳಿಕೆಯೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶುರುವಾದ ವರ್ಷವೇ, 1919ರಲ್ಲಿ, ಹೆರಿಗೆ ಕುರಿತ ಒಪ್ಪಂದ ಮಾಡಿತು. ಹನ್ನೆರಡು ವಾರದ ರಜೆ, ಅದರ ಹಣ ಸರ್ಕಾರದ ಬೊಕ್ಕಸದಿಂದ ಅಥವಾ ವಿಮೆಯಿಂದ ಬರಬೇಕು ಅಂತ ಅದರಲ್ಲೇ ಬರೆದಿದ್ದರು. ಸ್ವೀಡನ್ 1974ರಲ್ಲಿ ತಾಯಿಯ ರಜೆಯನ್ನು ತಂದೆತಾಯಿ ಇಬ್ಬರ ರಜೆಯಾಗಿ ಬದಲಿಸಿತು. ಈಗ ಅಲ್ಲಿ ಒಂದು ಮಗುವಿಗೆ ಒಟ್ಟು 480 ದಿನ. ಅದರಲ್ಲಿ ತಂದೆಗೆ 90, ತಾಯಿಗೆ 90 ದಿನ ಮೀಸಲು. ಒಬ್ಬರದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಹಾಗಿಲ್ಲ. ಹಣ ಬರುವುದು ಸಾಮಾಜಿಕ ವಿಮೆಯಿಂದ. ಅಂಥ ಕಡೆ ಸಂದರ್ಶನಕ್ಕೆ ಬಂದ ಹುಡುಗನೂ ಅಷ್ಟೇ 'ಅಪಾಯ'. ಆಗ ಹುಡುಗಿಯೊಬ್ಬಳನ್ನೇ ಅನುಮಾನದಿಂದ ನೋಡಲು ಕಾರಣ ಕಮ್ಮಿ.

ಇನ್ನು ಡೇ ಕೇರ್ ಖರ್ಚು. ಅಷ್ಟು ದುಬಾರಿಯಾದರೆ ಮಕ್ಕಳು ಯಾಕೆ ಬೇಕಿತ್ತು ಅಂತ ಎರಡನೇ ಪುಟದಲ್ಲಿ ಕೇಳಿದ್ದೀರಿ. ಯಾಕೆ ದುಬಾರಿ ಅಂತ ಒಮ್ಮೆ ನೋಡಿ. ಇಂಗ್ಲೆಂಡಿನ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರಾದರೂ ಇರಬೇಕು. ಮೂರು ಜಾಸ್ತಿ ಅಲ್ಲ, ಒಂದು ಗಂಟೆ ಕೂತು ನೋಡಿದರೆ ಗೊತ್ತಾಗುತ್ತದೆ. ಒಂದಕ್ಕೆ ಡಯಾಪರ್ ಬದಲಿಸುವಷ್ಟರಲ್ಲಿ ಇನ್ನೊಂದು ಎದ್ದು ಅಳುತ್ತದೆ. ಮೂರನೆಯದು ಸದ್ದಿಲ್ಲದೆ ಬಾಯಿಗೆ ಏನೋ ಹಾಕಿಕೊಂಡಿರುತ್ತದೆ. ಸದ್ದು ಮಾಡದಿರುವ ಮಗುವೇ ಹೆಚ್ಚು ಅಪಾಯ. ಈ ಕೆಲಸಕ್ಕೆ ಯಂತ್ರ ಬರುವುದಿಲ್ಲ, ಬೇಗ ಬೇಗ ಮುಗಿಸಲೂ ಆಗುವುದಿಲ್ಲ.

ಮೂರಕ್ಕೆ ಒಬ್ಬರು ಅಂದರೆ, ಆ ಒಬ್ಬರ ಸಂಬಳದ ಮೂರನೇ ಒಂದು ಭಾಗ ಪ್ರತಿ ಮಗುವಿನ ತಲೆಗೆ. ಮೇಲೆ ಬಾಡಿಗೆ, ಕರೆಂಟು, ಊಟ. ಮಗುವಿನ ತಾಯಿಗೆ ಬರುವ ಸಂಬಳವೂ ಹೆಚ್ಚುಕಮ್ಮಿ ಅಷ್ಟೇ ಆಗಿದ್ದರೆ ಮೂರನೇ ಒಂದಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಎರಡು ಮಕ್ಕಳಿದ್ದರೆ ಮೂರನೇ ಎರಡಕ್ಕಿಂತ ಜಾಸ್ತಿ. ಆಮೇಲೆ 'ದುಡಿದು ಏನು ಉಳಿಯಿತು' ಅನ್ನುವ ಮಾತು ಬರುತ್ತದೆ, ಅವರು ಕೆಲಸ ಬಿಡುತ್ತಾರೆ. (ಈ ಲೆಕ್ಕದಲ್ಲಿ ಡೇ ಕೇರ್ ಖರ್ಚನ್ನು ಯಾವಾಗಲೂ ತಾಯಿಯ ಸಂಬಳದಿಂದಲೇ ಕಳೆಯುತ್ತಾರೆ, ಗಮನಿಸಿದ್ದೀರಾ? ತಂದೆಯ ಸಂಬಳದಿಂದ ಕಳೆದವರನ್ನು ನಾನಂತೂ ಕಂಡಿಲ್ಲ.) ಐದು ವರ್ಷ ಬಿಟ್ಟು ವಾಪಸ್ ಬಂದಾಗ ಅವರ ಕೈಕೆಳಗೆ ಇದ್ದವರು ಅವರ ಮೇಲಧಿಕಾರಿ ಆಗಿರುತ್ತಾರೆ. ಖರ್ಚು ಇಳಿಸಲು ಆಯಾಗಳ ಸಂಬಳ ಇಳಿಸಬಹುದು, ಎಷ್ಟೋ ಕಡೆ ಅದೇ ನಡೆಯುತ್ತಿದೆ. ಆಗ ಒಳ್ಳೆಯವರು ನಿಲ್ಲುವುದಿಲ್ಲ. ಹಾಗಾಗಿ ಹೊರಗಿನ ಹಣ ಬಾರದೆ ಈ ಗಂಟು ಬಿಚ್ಚುವುದಿಲ್ಲ.

ಸರ್ಕಾರದ ದುಡ್ಡು ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಹೇಳುತ್ತಿಲ್ಲ. ಕೆನಡಾದ ಕ್ವಿಬೆಕ್ 1997ರಲ್ಲಿ ದಿನಕ್ಕೆ 5 ಡಾಲರಿಗೆ ಡೇ ಕೇರ್ ಶುರು ಮಾಡಿತು. ಕೆಲಸಕ್ಕೆ ಹೋಗುವ ತಾಯಂದಿರು ಗಣನೀಯವಾಗಿ ಹೆಚ್ಚಿದರು. ಆದರೆ ಬೇಕರ್, ಗ್ರೂಬರ್, ಮಿಲಿಗನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಪುಟ್ಟ ಮಕ್ಕಳಲ್ಲಿ ಆತಂಕ, ಜಗಳಗಂಟತನ ಜಾಸ್ತಿಯಾಗಿದೆ ಎಂದು ಅದರಲ್ಲಿತ್ತು. ಬೇಡಿಕೆ ಒಮ್ಮೆಲೇ ಏರಿತ್ತು, ಎಲ್ಲ ಕಡೆ ಗುಣಮಟ್ಟ ಒಂದೇ ಥರ ಇರಲಿಲ್ಲ. ಅಗ್ಗ ಮಾಡುವಾಗ ಮೂರಕ್ಕೆ ಒಬ್ಬರು ಅನ್ನುವುದನ್ನು ಆರಕ್ಕೆ ಒಬ್ಬರು ಮಾಡಿಬಿಟ್ಟರೆ ಅದಕ್ಕೆ ದುಡ್ಡು ಸುರಿದು ಪ್ರಯೋಜನವಿಲ್ಲ.

'ದುಡ್ಡು ಕೊಟ್ಟರೆ ಕೆಲಸ ಬಿಡುತ್ತಾರೆ' ಅನ್ನುವವರಿಗೆ ಅಮೆರಿಕದ ಕಥೆ ಹೇಳುತ್ತೇನೆ. 2021ರ ಜುಲೈಯಿಂದ ಡಿಸೆಂಬರ್‌ವರೆಗೆ ಅಲ್ಲಿ ಬಹುಪಾಲು ಕುಟುಂಬಗಳಿಗೆ ಮಗುವಿನ ಲೆಕ್ಕದಲ್ಲಿ ತಿಂಗಳಿಗೆ 250 ಡಾಲರ್, ಆರು ವರ್ಷದೊಳಗಿನ ಮಗುವಾದರೆ 300 ಡಾಲರ್ ಕೊಟ್ಟರು. ಸರ್ಕಾರದ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಯಲ್ಲಿ ಆ ವರ್ಷ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಯೋಜನೆ ನಿಲ್ಲಿಸಿದ ಮರುವರ್ಷ ಶೇ. 12.4. ತಿಂಗಳಿಗೆ 250 ಡಾಲರಿನಲ್ಲಿ ಅಲ್ಲಿ ಯಾವ ಊರಲ್ಲೂ ಮನೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಅದನ್ನು ನಂಬಿ ಕೆಲಸಕ್ಕೆ ರಾಜೀನಾಮೆ ಕೊಡುವವರು ಎಷ್ಟು ಜನ?

ಎರಡು ಮಕ್ಕಳಿಗೆ ನಿಲ್ಲಿಸುವುದನ್ನು ಬ್ರಿಟನ್ ಮಾಡಿ ನೋಡಿದೆ. 2017ರ ಏಪ್ರಿಲ್ 6ರಿಂದ ಈಚೆಗೆ ಹುಟ್ಟಿದ ಮೂರನೇ ಮಗುವಿಗೆ ಅಲ್ಲಿ ನೆರವು ಕಡಿದರು. ಪೆಟ್ಟು ತಿಂದ ಕುಟುಂಬಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಒಬ್ಬರಾದರೂ ದುಡಿಯುತ್ತಿದ್ದರು. 2025ರ ನವೆಂಬರ್‌ನಲ್ಲಿ ಸರ್ಕಾರವೇ ಆ ನಿಯಮ ತೆಗೆಯುವುದಾಗಿ ಹೇಳಿತು. ಮೂರನೆಯದಾಗಿ ಹುಟ್ಟುವುದು ಮಗು ಮಾಡಿದ ತಪ್ಪಲ್ಲ. ಇದಕ್ಕಿಂತ ಹೆಚ್ಚು ಈ ವಿಷಯದಲ್ಲಿ ಹೇಳುವುದು ನನಗಿಲ್ಲ.

ಈಗ ನಿಮ್ಮ ಅಸಲಿ ಪ್ರಶ್ನೆ. ಮಕ್ಕಳಿಲ್ಲದವರು ಯಾಕೆ ಕೊಡಬೇಕು?

ಜನಸಂಖ್ಯೆ ಕಮ್ಮಿಯಾಗುತ್ತಿದೆ, ದೇಶಕ್ಕಾಗಿ ಹೆರಿ, ಅದಕ್ಕೇ ಈ ಸವಲತ್ತು ಅನ್ನುವ ವಾದ ನನಗೆ ಇಷ್ಟವಿಲ್ಲ. ಅದು ಕೆಲಸವನ್ನೂ ಮಾಡುವುದಿಲ್ಲ. ದಕ್ಷಿಣ ಕೊರಿಯಾ ವರ್ಷಗಟ್ಟಲೆ ಹಣ ಸುರಿದರೂ 2023ರಲ್ಲಿ ಅಲ್ಲಿ ಸರಾಸರಿ ಒಬ್ಬ ಹೆಣ್ಣಿಗೆ 0.72 ಮಗು. ನನ್ನ ಕಾರಣ ಇನ್ನೂ ಸಣ್ಣದು. ನೀವು ನಿವೃತ್ತಿಗೆ ಚೆನ್ನಾಗಿ ಉಳಿಸಿದ್ದೇನೆ, ಯಾರ ಹಂಗೂ ಬೇಡ ಅಂತ ಬರೆದಿದ್ದೀರಿ. ಸಂತೋಷ. ಆದರೆ 2060ರಲ್ಲಿ ನಿಮ್ಮ ಬಿಪಿ ನೋಡಲು ಬರುವ ನರ್ಸ್ ಇವತ್ತು ಯಾವುದೋ ತೊಟ್ಟಿಲಲ್ಲಿ ಇದ್ದಾರೆ, ಇಲ್ಲವೇ ಇನ್ನೂ ಹುಟ್ಟಿಲ್ಲ. ನೀವು ಅವರಿಗೆ ಫೀಸು ಕೊಡುತ್ತೀರಿ, ನಿಜ. ಫೀಸು ತೆಗೆದುಕೊಳ್ಳಲು ಒಬ್ಬರು ಇರಬೇಕಲ್ಲ. ನೋಟಿನ ಕಟ್ಟು ಇಂಜೆಕ್ಷನ್ ಕೊಡುವುದಿಲ್ಲ. ಆ ನರ್ಸನ್ನು ಇಪ್ಪತ್ತು ವರ್ಷ ಸಾಕಿದ ಖರ್ಚು ಒಂದೇ ಮನೆಯದು, ಅವರ ದುಡಿಮೆ ಮತ್ತು ತೆರಿಗೆ ಎಲ್ಲರದು. ಆ ಖರ್ಚಿನಲ್ಲಿ ನಮ್ಮ ಪಾಲೂ ಸ್ವಲ್ಪ ಇರಲಿ ಅನ್ನುವುದು ದಾನ ಅಲ್ಲ.

ನಿಮಗೆ ಒಬ್ಬರನ್ನು ಪರಿಚಯಿಸಬೇಕು. ಎಲೀನರ್ ರಾತ್‌ಬೋನ್, ಬ್ರಿಟನ್ನಿನ ಸಂಸದೆ. ಸಂಬಳಕ್ಕೆ ಮನೆಯಲ್ಲಿ ಎಷ್ಟು ಬಾಯಿ ಅಂತ ಗೊತ್ತಿರುವುದಿಲ್ಲ, ಒಂಟಿಗನಿಗೂ ಐದು ಮಕ್ಕಳ ತಂದೆಗೂ ಒಂದೇ ಕೂಲಿ ಬರುತ್ತದೆ, ಆದ್ದರಿಂದ ಮಕ್ಕಳ ಪಾಲನ್ನು ಕೂಲಿಯಿಂದ ಬೇರೆ ಮಾಡಿ ಕೊಡಿ ಅನ್ನುವುದು ಅವರ ವಾದ. ಕಾಲು ಶತಮಾನಕ್ಕಿಂತ ಜಾಸ್ತಿ ಇದನ್ನೇ ಹೇಳುತ್ತಾ ಬಂದರು. 1945ರಲ್ಲಿ ಕಾಯ್ದೆ ಬಂದಾಗ ಹಣ ತಂದೆಯ ಕೈಗೆ ಹೋಗಲಿ ಅಂತ ಕರಡಿನಲ್ಲಿತ್ತು. ಜಗಳವಾಡಿ ಅದನ್ನು ತಾಯಿಯ ಕೈಗೆ ಬದಲಿಸಿದರು. 1946ರ ಆಗಸ್ಟ್‌ನಲ್ಲಿ ವಾರಕ್ಕೆ ಐದು ಶಿಲಿಂಗಿನ ಮೊದಲ ಭತ್ಯೆ ಮನೆಗಳಿಗೆ ಹೋಗುವ ಹೊತ್ತಿಗೆ ರಾತ್‌ಬೋನ್ ತೀರಿಕೊಂಡು ಏಳು ತಿಂಗಳಾಗಿತ್ತು. ಅವರು ಮದುವೆಯಾಗಿರಲಿಲ್ಲ. ಮಕ್ಕಳೂ ಇರಲಿಲ್ಲ.

ಕೊನೆಗೊಂದು ಕೆಲಸದ ಮಾತು. ಮಕ್ಕಳಿಲ್ಲದ ಉದ್ಯೋಗಿಯ ಸಂಜೆಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಈವರೆಗೆ ಒಂದು ಲೇಖನವೂ ಬಂದಿಲ್ಲ. ಹುಡುಕಿ ನೋಡಿಯೇ ಹೇಳುತ್ತಿದ್ದೇನೆ. ನೀವೇ ಬರೆಯಿರಿ, 800 ಪದ, ಇಪ್ಪತ್ತನೇ ತಾರೀಖಿನೊಳಗೆ. ಹೆಸರು ಬೇಡ ಅಂದರೆ ಹಾಕುವುದಿಲ್ಲ. ಹೆಗ್ಗಣದ ಸಾಲು ಹಾಗೇ ಇರಲಿ, ಅದಕ್ಕೆ ನಾನು ಕತ್ತರಿ ಹಾಕುವುದಿಲ್ಲ.

ಸಂಪಾದಕ