ದೇವರು ಮಲಗಿದ್ದಾರಾ, ಗಂಟೆ ಯಾಕೆ?

ಪ್ರಶ್ನೆ: ನಮ್ಮತ್ತೆ ಪೂಜೆ ಶುರು ಮಾಡುವ ಮೊದಲು ಗಂಟೆಗೇ ಹೂವು, ಅಕ್ಷತೆ ಹಾಕುತ್ತಾರೆ. ಆಮೇಲೆ ಬಾರಿಸುತ್ತಾರೆ. ಮಗಳು “ದೇವರು ಮಲಗಿದ್ದಾರಾ?” ಎಂದು ಕೇಳುತ್ತಾಳೆ. ಗಂಟೆಯ ನಾದ ಏಳು ಸೆಕೆಂಡ್ ಉಳಿದು ಏಳು ಚಕ್ರಗಳನ್ನು ಎಬ್ಬಿಸುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಿಜವಾ? ನಮ್ಮ ಗಂಟೆ ಕೆಳಗೆ ಬಿದ್ದ ಮೇಲೆ ದನಿ ಕೆಟ್ಟಿದೆ. ಹೊಸದು ಎಂಥದ್ದು ಕೊಳ್ಳಬೇಕು?
– ಓದುಗರು, ದಾವಣಗೆರೆ

ಉತ್ತರ: ನಿಮ್ಮತ್ತೆ ಮಾಡುವುದು ಘಂಟಾಪೂಜೆ. ಆಗ ಹೇಳುವ ಶ್ಲೋಕದಲ್ಲೇ ಮಗಳಿಗೆ ಉತ್ತರ ಇದೆ: “ಆಗಮಾರ್ಥಂ ತು ದೇವಾನಾಂ ಗಮನಾರ್ಥಂ ತು ರಕ್ಷಸಾಂ.” ದೇವತೆಗಳು ಬರಲಿ, ರಾಕ್ಷಸರು ಹೋಗಲಿ ಎಂದರ್ಥ. ಎಬ್ಬಿಸುವ ಮಾತೇ ಇಲ್ಲ, ಇದು ಕರೆಯುವುದು. ಒಂದೇ ಸದ್ದು ಒಬ್ಬರಿಗೆ ಬನ್ನಿ, ಇನ್ನೊಬ್ಬರಿಗೆ ನಡೀರಿ! ಮಗಳಿಗೆ ಹೀಗೇ ಹೇಳಿ, ಖುಷಿಪಡುತ್ತಾಳೆ.

ಏಳು ಸೆಕೆಂಡಿನ ಕಥೆಯನ್ನು ಮರೆತುಬಿಡಿ. ಶ್ಲೋಕದಲ್ಲಿ ಸೆಕೆಂಡೂ ಇಲ್ಲ, ಚಕ್ರವೂ ಇಲ್ಲ. ನಾದ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಗಂಟೆಯ ಲೋಹ, ಗಾತ್ರ, ದಪ್ಪಕ್ಕೆ ಬಿಟ್ಟ ವಿಷಯ.

ಮನೆಯಲ್ಲಿ ಪೂಜೆಯ ಆರಂಭ, ಧೂಪ, ದೀಪ, ನೈವೇದ್ಯ, ಮಂಗಳಾರತಿ, ಇಷ್ಟಕ್ಕೆ ಬಾರಿಸಿದರೆ ಸಾಕು. ಬಲಗೈಯಲ್ಲಿ ಆರತಿ ಇರುತ್ತದಲ್ವಾ, ಹಾಗಾಗಿ ಗಂಟೆ ಎಡಗೈಗೆ. ಮಂಗಳಾರತಿ ಹೊತ್ತಿಗೆ ದೇವಸ್ಥಾನದಲ್ಲಿ ಗಂಟೆ, ಜಾಗಟೆ, ನಗಾರಿ ಎಲ್ಲ ಸೇರಿದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಅದೇ ಅದರ ಉಪಯೋಗ ಅಂತ ನನ್ನ ಅನಿಸಿಕೆ. ಹಳ್ಳಿಯಲ್ಲಿ ಆ ಸದ್ದು ಕೇಳಿದವರು ಕೈಯಲ್ಲಿನ ಕೆಲಸ ಬಿಟ್ಟು, ಇದ್ದಲ್ಲೇ ಕೈ ಮುಗಿಯುತ್ತಾರೆ. ದೇವಸ್ಥಾನದ ಬಾಗಿಲಲ್ಲಿ ತೂಗುವ ಗಂಟೆಯನ್ನು ಒಳಗೆ ಹೋಗುವಾಗ ಮೆಲ್ಲಗೆ ಒಮ್ಮೆ ಮುಟ್ಟಿಸಿದರೆ ಆಯಿತು. ಸುಮ್ನೆ ಹತ್ತು ಸಲ ಬಡಿಯಬೇಡಿ, ಒಳಗೆ ಧ್ಯಾನಕ್ಕೆ ಕೂತವರಿರುತ್ತಾರೆ. ಗಂಟೆಯೇ ಹರಕೆಯಾಗುವ ಜಾಗವೂ ಇದೆ. ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಘಂಟೆ ಗಣಪತಿಗೆ ಭಕ್ತರು ಗಂಟೆ ಕಟ್ಟುತ್ತಾರೆ.

ಇನ್ನು ಕೊಳ್ಳುವ ವಿಷಯ. ಕಂಚಿನದನ್ನೇ ಕೇಳಿ. ಗಂಟೆಯ ಕಂಚಿನಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ತವರ ಜಾಸ್ತಿ ಇರುವುದರಿಂದ ಲೋಹ ಗಟ್ಟಿಯಾಗಿ, ನಾದ ಎಳೆದು ನಿಲ್ಲುತ್ತದೆ. ಆದರೆ ಅದೇ ಕಾರಣಕ್ಕೆ ಬಿದ್ದರೆ ಬಿರುಕು ಬಿಡುತ್ತದೆ. ನಿಮ್ಮದಕ್ಕೂ ಹಾಗೇ ಆಗಿರಬಹುದು. ಹಿತ್ತಾಳೆ ಗಂಟೆ ಅಗ್ಗ, ದನಿ ಬೇಗ ಸಾಯುತ್ತದೆ. ಅಂಗಡಿಯಲ್ಲಿ ಹಿಡಿ ಮಾತ್ರ ಹಿಡಿದು ಒಮ್ಮೆ ಅಲ್ಲಾಡಿಸಿ ಕಿವಿಗೊಡಿ. “ಟಣ್ಣ್ಣ್” ಎಂದು ಎಳೆದರೆ ತೆಗೆದುಕೊಳ್ಳಿ. “ಟಕ್” ಎಂದು ನಿಂತರೆ ಅಥವಾ ಗರಗರ ಅಂದರೆ ಬೇಡ. ನಾಲಗೆ ಎರಡೂ ಕಡೆ ಸಮನಾಗಿ ತಾಗುತ್ತದಾ ನೋಡಿ. ಹಿಡಿಯ ತುದಿಯಲ್ಲಿ ಗರುಡ, ಹನುಮಂತ, ನಂದಿ ಇರುತ್ತಾರೆ, ನಿಮ್ಮ ಮನೆದೇವರಿಗೆ ಹೊಂದುವುದನ್ನು ಆರಿಸಿ.

ಹಳೆಯದನ್ನು ಮೂಲೆಗೆ ಎಸೆಯಬೇಡಿ. ಹಳೆ ಕಂಚು ಕೊಳ್ಳುವ ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ. ಕರಗಿಸಿ ಮತ್ತೆ ಎರಕ ಹೊಯ್ಯುತ್ತಾರೆ.