ಆನ್‌ಲೈನ್ ಆರ್‌ಪಿಜಿ ಆಡುವ ಹುರುಪು ಹೋಗಿದೆ, ಮತ್ತೆ ಬರುತ್ತಾ?

ನಿಮ್ಮ ಪ್ರಶ್ನೆ ಇದು, ಅಲ್ವಾ? ವರ್ಷಗಟ್ಟಲೆ ಆನ್‌ಲೈನ್ ಆರ್‌ಪಿಜಿ, ಅಂದರೆ ಒಂದು ಪಾತ್ರ ಮಾಡಿಕೊಂಡು ಎಷ್ಟೋ ಜನರ ಜೊತೆ ಆಡುವ ಆಟ, ಆಡಿದ್ದೀರಿ. ಈಗ ಲಾಗಿನ್ ಆಗುತ್ತೀರಿ, ಸುಮ್ನೆ ಆ ಕಡೆ ಈ ಕಡೆ ನೋಡಿ ಲಾಗೌಟ್ ಆಗುತ್ತೀರಿ. ಹೊಸ ಆಟ ಹಾಕಿಕೊಂಡರೂ ಎರಡೇ ದಿನಕ್ಕೆ ಬೇಜಾರು. ನನಗೆ ವಯಸ್ಸಾಯಿತಾ, ಆಟಗಳೇ ಕೆಟ್ಟುಹೋದವಾ, ಹಳೇ ಹುರುಪು ತಿರುಗಿ ಬರುತ್ತಾ ಅಂತ ಕೇಳಿದ್ದೀರಿ.

ವಯಸ್ಸಿನ ಮೇಲೆ ಹಾಕಬೇಡಿ. ನನಗೂ ಹೀಗೇ ಆಗಿತ್ತು. ಈಗ ಮತ್ತೆ ಆಡುತ್ತಿದ್ದೇನೆ. ಈ ನಡುವೆ ನನ್ನ ವಯಸ್ಸಂತೂ ಕಮ್ಮಿಯಾಗಿಲ್ಲ.

ನಾನು ಹೀಲರ್ ಆಗಿದ್ದೆ, ಅಂದರೆ ಜೊತೆಯವರ ಗಾಯ ಗುಣಪಡಿಸುವವನು. ಆಟದ ಹೆಸರು ಬೇಡ, ಅದರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಇಪ್ಪತ್ತೈದು ಜನ ಸೇರಿ ದೊಡ್ಡ ರಾಕ್ಷಸರ ಮೇಲೆ ಬೀಳುವ ರೇಡ್‌ನಲ್ಲಿ ಹೀಲರ್ ಕಣ್ಣಿಗೆ ಏನು ಕಾಣುತ್ತದೆ ಅಂತ ಆಡಿದವರಿಗಷ್ಟೇ ಗೊತ್ತು. ಪರದೆಯಲ್ಲಿ ಒಂದು ಕಡೆ ಇಪ್ಪತ್ತೈದು ಹಸಿರು ಪಟ್ಟಿ, ಒಬ್ಬೊಬ್ಬರ ಪ್ರಾಣದ ಅಳತೆ ಒಂದೊಂದು. ಒಂದು ಪಟ್ಟಿ ಕುಗ್ಗಿದರೆ ಅದರ ಮೇಲೆ ಕ್ಲಿಕ್. ಅಷ್ಟರಲ್ಲಿ ಇನ್ನೊಂದು ಕುಗ್ಗುತ್ತದೆ, ಅಲ್ಲಿಗೊಂದು ಕ್ಲಿಕ್. ಹಿಂದೆ ಎಲ್ಲೋ ಒಂದು ಡ್ರ್ಯಾಗನ್ ಬೆಂಕಿ ಉಗುಳುತ್ತಿರುತ್ತದೆ. ಅದನ್ನು ಚಿತ್ರಿಸೋಕೆ ಯಾರೋ ಕಲಾವಿದರು ತಿಂಗಳುಗಟ್ಟಲೆ ಕೂತಿರಬೇಕು. ಅದರ ಬಣ್ಣ ಯಾವುದು ಅಂತ ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ನೆಲದ ಮೇಲೆ ಕೆಂಪು ವೃತ್ತ ಮೂಡಿದರೆ ಪಕ್ಕಕ್ಕೆ ಸರಿಯಬೇಕು ಅನ್ನುವುದಷ್ಟೇ ಗೊತ್ತು. ಅದನ್ನೂ ಆಟಕ್ಕೆ ಜೋಡಿಸಿಕೊಂಡ ಆಡ್ಆನ್ ಎಂಬ ಪುಟ್ಟ ಪ್ರೋಗ್ರಾಂ ಕಿರುಚಿ ಹೇಳುತ್ತಿತ್ತು.

ಮೊದಮೊದಲು ಇದರಷ್ಟು ಮಜಾ ಬೇರೆ ಯಾವುದರಲ್ಲೂ ಇರಲಿಲ್ಲ, ಸುಳ್ಳು ಹೇಳಲ್ಲ. ಎದುರು ನಿಂತು ಏಟು ತಿನ್ನುವ ಟ್ಯಾಂಕ್ ಇನ್ನೇನು ಬಿದ್ದ ಅನ್ನುವಾಗ ಸರಿಯಾಗಿ ಹೀಲ್ ತಲುಪಬೇಕು, ವಾಯ್ಸ್ ಚಾಟ್‌ನಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿಸಬೇಕು. ಅದಕ್ಕಾಗಿಯೇ ಎಷ್ಟೋ ರಾತ್ರಿ ಕೂತಿದ್ದೇನೆ. ಆದರೆ ರೇಡ್‌ಗೆ ಹೋಗುವುದಕ್ಕೂ ಒಂದು ತಯಾರಿ ಇರುತ್ತದೆ. ಮದ್ದು ಮಾಡಲು ಗಿಡಮೂಲಿಕೆ ಕೀಳಬೇಕು. ಡೈಲಿ ಕ್ವೆಸ್ಟ್, ಅಂದರೆ ದಿನದಿನದ ಸಣ್ಣ ಕೆಲಸ, ಮುಗಿಸಬೇಕು. ಸಣ್ಣ ಗುಂಪು ಕಟ್ಟಿಕೊಂಡು ನುಗ್ಗುವ ವಾರದ ಡಂಜನ್ ತಪ್ಪಿಸುವಂತಿಲ್ಲ. ಒಬ್ಬ ಹೀಲರ್ ಕಮ್ಮಿಯಾದರೂ ಆ ರಾತ್ರಿಯ ರೇಡ್ ಕೆಡುತ್ತಿತ್ತು. ಹಾಗಾಗಿ ಕೊನೆಕೊನೆಗೆ ನಾನು ಆಡುತ್ತಿದ್ದುದು ಗಿಲ್ಡ್‌ನವರ, ಅಂದರೆ ಒಟ್ಟಿಗೆ ಆಡುವ ನಮ್ಮ ತಂಡದವರ, ಮುಲಾಜಿಗೆ. ಲಾಗಿನ್ ಆಗುವುದು ಹಾಜರಿ ಹಾಕುವಷ್ಟೇ ನೀರಸವಾಗಿತ್ತು.

ಒಂದು ದಿನ ಸರ್ವರ್ ಕೈಕೊಟ್ಟಿತು. ರೇಡ್ ಇಲ್ಲ ಎಂದು ಮೆಸೇಜ್ ಬಂತು. ಬೇಜಾರಾಗಬೇಕಿತ್ತು, ಅಲ್ವಾ? ನನಗೆ ಅನಿಸಿದ್ದು ‘ಅಬ್ಬಾ, ಸದ್ಯ!’ ಅಂತ.

ನೀವೂ ಇದನ್ನು ಪರೀಕ್ಷೆ ಮಾಡಿಕೊಳ್ಳಿ. ಇವತ್ತು ರಾತ್ರಿಯೇ ನಿಮ್ಮ ಆಟದ ಸರ್ವರ್ ಶಾಶ್ವತವಾಗಿ ಮುಚ್ಚುತ್ತದೆ ಅಂದುಕೊಳ್ಳಿ. ಥಟ್ಟನೆ ಏನನಿಸುತ್ತದೆ? ಹೊಟ್ಟೆ ಉರಿದರೆ ನಿಮಗಿರುವುದು ದಣಿವು. ಸ್ವಲ್ಪ ದಿನ ಬಿಟ್ಟರೆ ಸರಿಹೋಗುತ್ತದೆ. ಹೆಗಲ ಮೇಲಿನ ಭಾರ ಇಳಿದ ಹಾಗೆ ಅನಿಸಿದರೆ, ಆ ಆಟದೊಳಗೆ ನೀವು ಹಿಡಿದಿರುವ ನೌಕರಿ ನಿಮಗೆ ಸಾಕಾಗಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ‘ಆಟ ಬೋರ್ ಆಯಿತು’ ಎಂದು ಹೊಸ ಆಟಕ್ಕೆ ಓಡುವವರು ಅಲ್ಲಿ ಹೋಗಿ ಮತ್ತೆ ಅದೇ ನೌಕರಿಗೆ ಸೇರುತ್ತಾರೆ. ಎರಡೇ ದಿನಕ್ಕೆ ಬೇಜಾರಾಗುವುದು ಅದಕ್ಕೇ ಅಂತ ನನ್ನ ಲೆಕ್ಕ.

ಈ ಆಟಗಳ ಕಟ್ಟಡವೇ ಹಾಗಿದೆ. ರೂನ್‌ಸ್ಕೇಪ್ ತಗೊಳ್ಳಿ. ಅದರಲ್ಲಿ ಒಂದು ಕೌಶಲ 99ನೇ ಲೆವೆಲ್ ಮುಟ್ಟಲು 1,30,34,431 ಎಕ್ಸ್‌ಪಿ, ಅಂದರೆ ಆಡಿ ಗಳಿಸುವ ಅನುಭವದ ಅಂಕ, ಬೇಕು. 92ನೇ ಲೆವೆಲ್‌ಗೆ ಬಂದಾಗ ಮುಗಿದೇಹೋಯಿತು ಅನಿಸುತ್ತದೆ. ಲೆಕ್ಕ ಹಾಕಿದರೆ ಆಗಿರುವುದು ಸರಿಯಾಗಿ ಅರ್ಧ! ಕೊನೆಯ ಏಳು ಲೆವೆಲ್, ಮೊದಲಿನ ತೊಂಬತ್ತೆರಡರಷ್ಟೇ ಉದ್ದ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಇನ್ನೊಂದು ತಮಾಷೆ ಇದೆ. ಆಟ ಇನ್ನೂ ಪರೀಕ್ಷೆಯಲ್ಲಿದ್ದಾಗ, ಜಾಸ್ತಿ ಹೊತ್ತು ಆಡಿದವರಿಗೆ ಸಿಗುವ ಎಕ್ಸ್‌ಪಿ ಕಡಿಮೆ ಮಾಡುತ್ತಿದ್ದರು. ಜನ ಬೈದರು. ಆಮೇಲೆ ಅದನ್ನೇ ತಿರುವಿ ಹಾಕಿ, ವಿಶ್ರಾಂತಿ ತೆಗೆದುಕೊಂಡು ಬಂದವರಿಗೆ ರಾಕ್ಷಸರನ್ನು ಕೊಂದರೆ ಎರಡರಷ್ಟು ಎಕ್ಸ್‌ಪಿ ಎಂದರು. ಲೆಕ್ಕ ಹೆಚ್ಚೂಕಮ್ಮಿ ಅದೇ. ಜನ ಮಾತ್ರ ಖುಷಿಯಾದರು. ನಮ್ಮ ಹುರುಪನ್ನು ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಅಂತ ಕೂತು ಯೋಚಿಸುವವರು ಆ ಕಡೆ ಇದ್ದಾರೆ. ಹಾಗಾಗಿ ಹುರುಪು ಹೋದರೆ ನಿಮ್ಮಲ್ಲೇ ಏನೋ ಕೊರತೆ ಅಂದುಕೊಳ್ಳುವ ಅಗತ್ಯವಿಲ್ಲ.

ಮೊದಲು ನಾನು ಮಾಡಿದ್ದು ಪೂರ್ತಿ ನಿಲ್ಲಿಸಿದ್ದು. ‘ಕಮ್ಮಿ ಆಡುತ್ತೇನೆ’ ಅನ್ನುವುದು ಇಂಥ ಆಟಗಳಲ್ಲಿ ನಡೆಯುವುದಿಲ್ಲ. ಕಮ್ಮಿ ಆಡಿದರೆ ಮಜಾ ಇರುವ ಭಾಗ ಬಿಟ್ಟುಹೋಗುತ್ತದೆ, ಡೈಲಿಗಳು ಮಾತ್ರ ಉಳಿಯುತ್ತವೆ. ಗಿಲ್ಡ್‌ನ ಮುಖ್ಯಸ್ಥನಿಗೆ ನೇರವಾಗಿ ಹೇಳಿದೆ: ನನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳಿ. ಅವನು ಒಂದೇ ಸಾಲಿನಲ್ಲಿ ಉತ್ತರಿಸಿದ. ತಾನೂ ಅದನ್ನೇ ಯೋಚಿಸುತ್ತಿದ್ದೇನೆ ಅಂತ! ಚಂದಾ ರದ್ದು ಮಾಡಿದೆ, ಆಟವನ್ನು ಕಂಪ್ಯೂಟರ್‌ನಿಂದಲೇ ತೆಗೆದೆ.

ಬಿಟ್ಟರೆ ಹಿಂದೆ ಬೀಳುತ್ತೇನೆ ಎಂಬ ಭಯ ಇದ್ದರೆ ಫೈನಲ್ ಫ್ಯಾಂಟಸಿ 14ರ ಮುಖ್ಯಸ್ಥ ನವೋಕಿ ಯೋಷಿಡಾ ಮಾತು ನೆನಪಿಡಿ. ಹೊಸ ಪ್ಯಾಚ್ (ಆಟಕ್ಕೆ ಸೇರುವ ಹೊಸ ಭಾಗ) ಬಂದಾಗ ಬನ್ನಿ, ಮುಗಿದ ಮೇಲೆ ನಿಲ್ಲಿಸಿ ಬೇರೆ ಆಟ ಆಡಿ, ಆಮೇಲೆ ಮತ್ತೆ ಬನ್ನಿ ಎಂಬ ಅರ್ಥದಲ್ಲಿ ಅವರು ಎಷ್ಟೋ ಸಲ ಹೇಳಿದ್ದಾರೆ. ಚಂದಾ ಹಣದಿಂದ ನಡೆಯುವ ಆಟದವರೇ ಹೀಗೆ ಹೇಳುವುದು ಅಪರೂಪ. (ಅದೇ ಆಟದಲ್ಲಿ ಮನೆ ಕೊಂಡವರು 45 ದಿನ ಒಳಗೆ ಕಾಲಿಡದಿದ್ದರೆ ಮನೆ ಕೆಡವುತ್ತಾರೆ, ಅದು ಬೇರೆ ವಿಷಯ. ಅಲ್ಲಿ ನಿವೇಶನಗಳ ಕೊರತೆ ಅಷ್ಟಿದೆ.) ಅಂದಹಾಗೆ ಆ ಆಟವೇ ಒಮ್ಮೆ ಸೋತು ಎದ್ದದ್ದು. 2010ರಲ್ಲಿ ಬಂದಾಗ ಯಾರಿಗೂ ಹಿಡಿಸಲಿಲ್ಲ. 2012ರಲ್ಲಿ ಕಥೆಯೊಳಗೇ ಚಂದ್ರನನ್ನು ಬೀಳಿಸಿ ಆ ಪ್ರಪಂಚವನ್ನು ನಾಶ ಮಾಡಿ, ಸರ್ವರ್ ಮುಚ್ಚಿ, 2013ರಲ್ಲಿ ಹೊಸದಾಗಿ ಕಟ್ಟಿ ತಂದರು. ಹಳೆಯದಕ್ಕೇ ತೇಪೆ ಹಚ್ಚುತ್ತಾ ಕೂತಿದ್ದರೆ ಉಳಿಯುತ್ತಿರಲಿಲ್ಲ ಅಂತ ನನಗನಿಸುತ್ತದೆ.

ನಾನು ಮತ್ತೆ ಆಡಿದ್ದು ವಾರ್‌ಕ್ರಾಫ್ಟ್ ಕ್ಲಾಸಿಕ್ ಬಂದಾಗ, 2019ರಲ್ಲಿ. ಆರಂಭದ ವರ್ಷಗಳ ಆ ಆಟವನ್ನೇ ಮತ್ತೆ ಬಿಟ್ಟಿದ್ದರು. ನಾನು ಆ ಕಾಲದಲ್ಲಿ ಅದನ್ನು ಆಡಿರಲಿಲ್ಲ. ಹಾಗಾಗಿ ಹಳೇ ನೆನಪಿನ ಮೋಹ ಇರಲಿಲ್ಲ. ವಿಕಿ ತೆರೆಯುವುದಿಲ್ಲ, ಗೈಡ್ ನೋಡುವುದಿಲ್ಲ, ಗಿಲ್ಡ್ ಸೇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೈಟ್ ಎಲ್ಫ್ ಎಂಬ ಕುಲದ ಒಂದು ಪಾತ್ರ ಮಾಡಿದೆ, ಬಿಲ್ಲು ಹಿಡಿದ ಬೇಟೆಗಾರ. ಗುಣಪಡಿಸುವ ಕೆಲಸ ಬೇಡವೇ ಬೇಡ.

ನೈಟ್ ಎಲ್ಫ್‌ಗಳು ಇರುವುದು ಒಂದು ಖಂಡದಲ್ಲಿ. ಅವರ ಗೆಳೆಯರ ದೊಡ್ಡ ನಗರಗಳು ಇನ್ನೊಂದು ಖಂಡದಲ್ಲಿ. ಆಬರ್‌ಡೀನ್ ಎಂಬ ಬಂದರಲ್ಲಿ ಹಡಗು ಹತ್ತಿದರೆ ಮೆನೆಥಿಲ್‌ನಲ್ಲಿ ಇಳಿಸುತ್ತದೆ. ಅಲ್ಲಿಂದ ವೆಟ್‌ಲ್ಯಾಂಡ್ಸ್ ಎಂಬ ಜೌಗು ದಾಟಿ ನಡೆದೇ ಹೋಗಬೇಕು. ಅಲ್ಲಿನ ಮೊಸಳೆಗಳದ್ದು ಇಪ್ಪತ್ತರ ಮೇಲಿನ ಲೆವೆಲ್, ನನ್ನದು ಹತ್ತರ ಆಸುಪಾಸು. ನಿಮ್ಮ ಲೆವೆಲ್ ಕಮ್ಮಿ ಇದ್ದಷ್ಟೂ ಅವು ಹೆಚ್ಚು ದೂರದಿಂದಲೇ ಮೈಮೇಲೆ ಬರುತ್ತವೆ. ಸತ್ತೆ. ಸತ್ತರೆ ದೆವ್ವವಾಗಿ ಸ್ಮಶಾನದಲ್ಲಿ ಏಳಬೇಕು, ಅಲ್ಲಿಂದ ಹೆಣ ಹುಡುಕಿಕೊಂಡು ಓಡಬೇಕು. ಮತ್ತೆ ಸತ್ತೆ. ಆಗ ಗೊತ್ತಾಯಿತು, ಹೆಣ ಬಿದ್ದ ಜಾಗದಲ್ಲೇ ಏಳಬೇಕಂತಿಲ್ಲ, ಸುತ್ತ ಸ್ವಲ್ಪ ದೂರ ಆಚೀಚೆ ಏಳಬಹುದು. ಅಂದರೆ ಪ್ರತಿ ಸಾವಿಗೂ ಒಂದಷ್ಟು ಹೆಜ್ಜೆ ಮುಂದೆ ಹೋಗಬಹುದು! ಸಾಯುತ್ತಾ ಸಾಯುತ್ತಾ ಜೌಗಿನ ಆಚೆ ತುದಿಯ ಸುರಂಗದ ಬಾಯಿ ಮುಟ್ಟಿದೆ. ಒಳಗೆ ಓರ್ಕ್ ಎಂಬ ರಾಕ್ಷಸರ ಕಾವಲು. ಎದುರಿನಿಂದ ಟಗರಿನ ಮೇಲೆ ಕೂತ ಒಬ್ಬ ಡ್ವಾರ್ಫ್, ಗಿಡ್ಡ ಕುಲದ ಪಾತ್ರದ ಇನ್ನೊಬ್ಬ ಆಟಗಾರ, ಬಂದ. ಯಾರೋ, ಎಲ್ಲಿಯವನೋ. ನನ್ನನ್ನು ನೋಡಿ ನಿಂತ. ಟಗರಿನಿಂದ ಇಳಿದು ಒಂದು ಆಶೀರ್ವಾದದ ಮಂತ್ರ ಹಾಕಿದ, ಬಂದ ದಾರಿಗೇ ತಿರುಗಿ ಓರ್ಕ್‌ಗಳನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತಾ ನಡೆದ. ನಾನು ಅವನ ಹಿಂದೆ ಓಡಿದೆ. ಆ ಕಡೆ ತಲುಪಿದ ಮೇಲೆ ಕೈ ಬೀಸಿ, ಟಗರು ಹತ್ತಿ ಹೊರಟುಹೋದ. ಒಂದು ಮಾತೂ ಇಲ್ಲ.

ಇಷ್ಟೂ ಪಾಡಿಗೆ ಸಿಕ್ಕ ಬಹುಮಾನ ಏನೂ ಇಲ್ಲ. ಹೊಸ ಜಾಗ ಕಂಡಿದ್ದಕ್ಕೆ ಚಿಲ್ಲರೆ ಎಕ್ಸ್‌ಪಿ ಬಂತು ಅಷ್ಟೇ. ಆದರೂ ನಿದ್ದೆ ಬರಲಿಲ್ಲ, ನಾಳೆ ಏನಿರಬಹುದು ಅಂತ. ರೇಡ್ ಮಾಡುವ ಕಾಲದಲ್ಲಿ ನಾಳೆ ಏನು ಅಂತ ನನಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿರುತ್ತಿತ್ತು. ಬಾಸ್, ಅಂದರೆ ರೇಡ್‌ನ ದೊಡ್ಡ ರಾಕ್ಷಸ, ಯಾವಾಗ ಏನು ಮಾಡುತ್ತಾನೆ, ಯಾವ ವಸ್ತು ಬೀಳಬಹುದು, ಅದು ಸಿಕ್ಕರೆ ನನ್ನ ಹೀಲಿಂಗ್ ಎಷ್ಟು ಹೆಚ್ಚುತ್ತದೆ, ಎಲ್ಲ. ಹುರುಪನ್ನು ಕೊಂದದ್ದು ಆ ತಿಳಿವಳಿಕೆ ಮತ್ತು ಮುಲಾಜು, ಎರಡೂ ಸೇರಿ.

ಹಳೇ ಆಟಕ್ಕೆ ಹೋದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ತಿಳಿಯಬೇಡಿ. 2004ರ ನವೆಂಬರ್‌ನಲ್ಲಿ ವಾರ್‌ಕ್ರಾಫ್ಟ್ ಮೊದಲು ಬಂದಾಗ ಮೋಲ್ಟನ್ ಕೋರ್ ಎಂಬ ರೇಡ್‌ನ ಕೊನೆಯ ಬಾಸ್ ರಾಗ್ನರೋಸ್‌ನನ್ನು ಬೀಳಿಸಲು ತಿಂಗಳುಗಳೇ ಹಿಡಿದಿದ್ದವು. 2019ರಲ್ಲಿ ಕ್ಲಾಸಿಕ್ ಬಂದಾಗ ಒಂದು ವಾರದೊಳಗೇ ಒಂದು ಗಿಲ್ಡ್ ಅವನನ್ನು ಮುಗಿಸಿತು. ಬಾಸ್ ಅವನೇ, ನಲವತ್ತು ಜನರ ರೇಡ್ ಅದೇ. ಆಡುವವರ ತಲೆಯಲ್ಲಿ ಹದಿನೈದು ವರ್ಷದ ಲೆಕ್ಕಾಚಾರ ತುಂಬಿತ್ತು. ಅವರಿಗೆ ಅದರಲ್ಲೇ ಖುಷಿ, ಇರಲಿ. ನಿಮಗೆ ಅದರಿಂದ ಸುಸ್ತಾಗಿದ್ದರೆ ಅವರ ಹಿಂದೆ ಓಡಬೇಡಿ.

ಇಲ್ಲಿ ರಿಚರ್ಡ್ ಬಾರ್ಟಲ್ ಮಾತು ಉಪಯೋಗಕ್ಕೆ ಬರುತ್ತದೆ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಮಡ್ ಎಂಬ ಅಕ್ಷರಗಳ ಆಟವನ್ನು ರಾಯ್ ಟ್ರಬ್‌ಷಾ ಜೊತೆ ಕಟ್ಟಿದವರು ಅವರು. ಇವತ್ತಿನ ಈ ಆಟಗಳೆಲ್ಲ ಅದರ ವಂಶದವೇ. ಆಡುವವರಲ್ಲಿ ನಾಲ್ಕು ಬಗೆ ಎಂದು 1996ರಲ್ಲಿ ಬರೆದರು: ಸಾಧಿಸುವವರು, ಸುತ್ತಿ ಹುಡುಕುವವರು, ಜನರ ಜೊತೆ ಬೆರೆಯುವವರು, ಬೇರೆ ಆಟಗಾರರ ಮೇಲೆ ಬೀಳುವವರು. ನಾನು ಹುಟ್ಟಾ ಸುತ್ತುವವನು. ಗಿಲ್ಡ್‌ಗೆ ಬೇಕಾಗಿದ್ದುದು ಸಾಧಿಸುವವನು. ವರ್ಷಗಟ್ಟಲೆ ಬೇರೆ ಬಗೆಯವನ ವೇಷ ಹಾಕಿಕೊಂಡು ಕೂತರೆ ಯಾರಿಗಾದರೂ ಸಾಕಾಗುತ್ತದೆ. ನಿಮಗೆ ಮೊದಲ ಸಲ ಈ ಆಟ ಹುಚ್ಚು ಹಿಡಿಸಿದ ಗಳಿಗೆ ಯಾವುದು? ಗೆದ್ದಿದ್ದಾ, ಎಲ್ಲೋ ಹೋಗಿದ್ದಾ, ಯಾರೋ ಸಿಕ್ಕಿದ್ದಾ? ಅದನ್ನು ಹಿಡಿದು ಹೋದರೆ ಮುಂದೆ ಏನು ಆಡಬೇಕು ಎನ್ನುವುದು ಬಹಳಮಟ್ಟಿಗೆ ತಿಳಿಯುತ್ತದೆ.

ಗೆಳೆಯರೆಲ್ಲ ಬಿಟ್ಟುಹೋದರು ಅಂತಲೂ ಬರೆದಿದ್ದೀರಿ. ಇದು ಕಷ್ಟದ ಮಾತು, ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಹಳೇ ಗುಂಪನ್ನು ಮತ್ತೆ ಕರೆದು ಕೂರಿಸಲು ಹೋದವರನ್ನು ನೋಡಿದ್ದೇನೆ. ಮೊದಲ ವಾರ ಜಾತ್ರೆ, ಎರಡನೇ ವಾರ ಮೂರು ಜನ. ನಿಮಗೆ ಬೇಕಿರುವುದು ಆ ಜನರೇ ಆಗಿದ್ದರೆ ಆಟ ಬಿಟ್ಟು ಅವರಿಗೆ ಫೋನ್ ಮಾಡಿ. ಆಟ ಬೇಕಿದ್ದರೆ ಒಬ್ಬರೇ ಶುರು ಮಾಡಿ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಐರನ್‌ಮ್ಯಾನ್ ಅಂತ ಒಂದು ಬಗೆ ಇದೆ. ಬೇರೆಯವರಿಂದ ಏನನ್ನೂ ಕೊಳ್ಳುವಂತಿಲ್ಲ, ಪಡೆಯುವಂತಿಲ್ಲ. ಬಾಣ ಬೇಕಾದರೆ ಹೆಚ್ಚಾಗಿ ನೀವೇ ಮರ ಕಡಿಯಬೇಕು. ನಾನು ಈಗ ಹೆಚ್ಚಾಗಿ ಆಡುವುದು ಇದನ್ನೇ. 99ರ ಲೆಕ್ಕ ಇಲ್ಲೂ ಇದೆ, ಆದರೆ ಬೇಗ ಮುಟ್ಟು ಅಂತ ಕೇಳುವವರು ಯಾರೂ ಇಲ್ಲ. ವಾರಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ. ತಿರುಗಿ ಹೋದಾಗ ನನ್ನ ಕೊಡಲಿ ನನ್ನ ಬ್ಯಾಂಕಿನಲ್ಲೇ ಇರುತ್ತದೆ.

ಒಂದು ಮಾತು ಕೇಳಬೇಕು. ಆಟವಷ್ಟೇ ಬೇಡವಾಗಿದೆಯಾ, ಅಥವಾ ಮೊದಲು ಇಷ್ಟವಿದ್ದ ಬೇರೆಲ್ಲವೂ ಬೇಡವಾಗಿದೆಯಾ? ಎರಡನೆಯದಾದರೆ ಈ ಉತ್ತರ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಆಟ ಯಾವುದು, ಅದರಲ್ಲಿ ನಿಮ್ಮ ಕೆಲಸ ಏನು ಅಂತ ಬರೆದಿಲ್ಲ. ಹೀಲರ್ ಆಗಿದ್ದರೆ ಹೊಸ ಆಟ ಹುಡುಕುವ ಮೊದಲು ಇರುವ ಆಟದಲ್ಲೇ ಬಿಲ್ಲೋ ಕತ್ತಿಯೋ ಹಿಡಿದು ಮೊದಲ ಲೆವೆಲ್‌ನಿಂದ ಒಂದು ವಾರ ನೋಡಿ. ಆ ವಾರ ಗಿಲ್ಡ್ ಚಾಟ್ ಮುಚ್ಚಿಟ್ಟಿರಿ.