ಪಿಕಪ್ ಗಾಡಿಯ ಹಿಂದೆ ಸಾಮಾನು ಹೇರುವ ಬೆಡ್‌ಗೆ ಕವರ್ ಹಾಕಿಸಬೇಕಾ? ಹಾಕಿಸಿದರೆ ಯಾವುದು?

ನೀವು ಬರೆದಿದ್ದು ಇಷ್ಟು: ಶಿರಸಿ ಹತ್ತಿರ ಅಡಿಕೆ ತೋಟ, ಹೊಸದಾಗಿ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ತಗೊಂಡಿದ್ದೀರಿ, ಆಗಾಗ ಕುಮಟಾ, ಕಾರವಾರದ ಕಡೆ ಓಡಾಟ ಇದೆ. ನಾನೂ ತೋಟದವನೇ, ಪಿಕಪ್ ಇಟ್ಟುಕೊಂಡವನೇ. ನನ್ನ ಉತ್ತರ: ಹಾಕಿಸಿ. ಆದರೆ ಒಬ್ಬರೇ ನಿಂತು ಬೇಗ ತೆಗೆಯಲು ಬರುವಂಥದ್ದನ್ನೇ ಹಾಕಿಸಿ.

ಯಾಕಂದ್ರೆ ತೋಟದವರ ಲೋಡು ದಿನಕ್ಕೊಂದು ಥರ. ಇಂಥ ಗಾಡಿಗಳ ಬೆಡ್ ಒಂದೂವರೆ ಅಡಿ ಆಸುಪಾಸು ಆಳ ಇರುತ್ತದೆ. 200 ಲೀಟರ್ ಡ್ರಮ್ಮು ಹತ್ತಿರಹತ್ತಿರ 3 ಅಡಿ ಎತ್ತರ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಡ್ರಮ್ಮು ನಿಲ್ಲಿಸಲೇಬೇಕಲ್ವಾ? ಬೆಟ್ಟದಿಂದ ದರಕು (ಒಣಗಿದ ಎಲೆ) ತರುವಾಗ, ಬಾಳೆಗೊನೆ ಒಯ್ಯುವಾಗಲೂ ಲೋಡು ಬೆಡ್ಡಿಗಿಂತ ಮೇಲೇ ಹೋಗುತ್ತದೆ. ಆಗ ಕವರ್ ತೆಗೆಯಲು ಇಬ್ಬರು ಆಳು, ಸ್ಪ್ಯಾನರ್ ಎಲ್ಲ ಬೇಕು ಅಂದರೆ ಅದು ಮನೆಯ ಮೂಲೆ ಸೇರುತ್ತದೆ.

ಅದಕ್ಕೇ ಚಾಪೆಯ ಹಾಗೆ ಸುತ್ತಿ ಮುಂದಕ್ಕೆ ಕಟ್ಟುವ ವಿನೈಲ್ ಕವರ್ ನನಗೆ ಇಷ್ಟ. ಹಗುರ, ಬೆಲೆಯೂ ಕಮ್ಮಿ. ಕಳ್ಳತನಕ್ಕೆ ಮಾತ್ರ ಅದರಿಂದ ರಕ್ಷಣೆ ಇಲ್ಲ, ಒಂದು ಬ್ಲೇಡು ಸಾಕು. ಬಿಸಿಲಿಗೆ ವರ್ಷ ಕಳೆದಂತೆ ಗಡುಸಾಗಿ ಹೊಲಿಗೆ ಬಿಡುತ್ತದೆ. ಪೇಟೆಯಲ್ಲಿ ಸಾಮಾನು ಬಿಟ್ಟು ಹೋಗುವ ಕೆಲಸ ಜಾಸ್ತಿ ಇದ್ದರೆ ಮೂರು ಮಡಿಕೆಯ ಗಟ್ಟಿ ಕವರ್ ನೋಡಿ. ಅದಕ್ಕೆ ಬೀಗ ಬರುತ್ತದೆ. ಅಂಗಡಿ ಬಾಗಿಲಿನಂತೆ ಒಳಗೆ ಸರಿಯುವ ಶಟರ್ ನೋಡಲು ಚೆಂದ, ಆದರೆ ಅದರ ಪೆಟ್ಟಿಗೆ ಬೆಡ್ಡಿನ ಮುಂಭಾಗದ ಜಾಗ ತಿನ್ನುತ್ತದೆ. ಆ ಪೆಟ್ಟಿಗೆಯಿಂದ ನೀರು ಇಳಿಯುವ ಸಣ್ಣ ಪೈಪಿಗೆ ಮರದಡಿ ನಿಂತಾಗ ಬಿದ್ದ ಎಲೆಚೂರು ಕಟ್ಟಿಕೊಂಡರೆ ನೀರೆಲ್ಲ ಒಳಗೇ. ಕೆನೋಪಿ, ಅಂದರೆ ಬೆಡ್ಡಿನ ಮೇಲೆ ಕೂರಿಸುವ ಎತ್ತರದ ಗಟ್ಟಿ ಗೂಡು, ತುಂಬಾ ಭಾರ. ಆ ಭಾರ ಗಾಡಿ ಹೊರುವ ಲೋಡಿನಿಂದಲೇ ಕಳೆಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ರೂಪ ಬದಲಿಸುವುದರ ಬಗ್ಗೆ ಬಿಗಿಯಾಗಿದೆ, ಹಾಗಾಗಿ ಕೆನೋಪಿ ಮನಸ್ಸಿನಲ್ಲಿದ್ದರೆ ದುಡ್ಡು ಕೊಡುವ ಮೊದಲೇ ಶಿರಸಿ ಆರ್‌ಟಿಒದಲ್ಲಿ ಕೇಳಿ.

ಇನ್ನು ಮಳೆ. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಯಾವ ಕವರೂ ನಮ್ಮ ಆಷಾಢದ ಮಳೆಗೆ ಪೂರ್ತಿ ತಡೆ ಅಲ್ಲ. ನೀರು ಹೆಚ್ಚಾಗಿ ಬರುವುದು ಮೇಲಿನಿಂದ ಅಲ್ಲ, ಟೇಲ್‌ಗೇಟಿನ (ಬೆಡ್ಡಿನ ಹಿಂಬಾಗಿಲಿನ) ಸಂದಿಯಿಂದ. ಗಾಡಿ ಓಡುವಾಗ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗಿ ಸುಳಿ ಏಳುತ್ತದೆ, ಚಕ್ರ ಎಬ್ಬಿಸಿದ ಕೆಸರು ನೀರು, ಬೇಸಿಗೆಯಲ್ಲಿ ಧೂಳು, ಎರಡೂ ಅಲ್ಲಿಂದಲೇ ಒಳಗೆ ನುಗ್ಗುತ್ತವೆ. ಟೇಲ್‌ಗೇಟಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿದರೆ ಎಷ್ಟೋ ತಡೆಯುತ್ತದೆ. ಖರ್ಚೂ ದೊಡ್ಡದಲ್ಲ.

ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ), ಕೆಂಪಡಿಕೆ, ಕಾಳುಮೆಣಸು ಒಯ್ಯುವಾಗ ಇನ್ನೊಂದು ಅಪಾಯ ಇದೆ. ಕವರ್ ಮುಚ್ಚಿದ ಬೆಡ್ಡಿನಲ್ಲಿ ಗಾಳಿ ಆಡುವುದಿಲ್ಲ. ಒದ್ದೆ ನೆಲದ ಮೇಲೆ ಚೀಲ ಇಟ್ಟು ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಒಳಗೇ ಬೆವರಿ ಬೂಸಲು ಬರುತ್ತದೆ. ವರ್ಷದ ಬೆಳೆ ಅದು, ಮಾರುಕಟ್ಟೆಯಲ್ಲಿ ದರ ಬಿದ್ದುಹೋಗುತ್ತದೆ. ಕೆಳಗೆ ಮರದ ಪಟ್ಟಿ ಹಾಕಿ, ಅದರ ಮೇಲೆ ಚೀಲ ಇಡಿ. ಮನೆ ಮುಟ್ಟಿದ ಕೂಡಲೇ ಕವರ್ ಬಿಚ್ಚಿ.

ಕಾರವಾರದ ಕಡೆ ಹೋಗುವಾಗ ಉಪ್ಪುಗಾಳಿ. ಅಲ್ಲಿ ಸಾದಾ ಕಬ್ಬಿಣದ ಬೋಲ್ಟು ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. ಕ್ಲ್ಯಾಂಪು ಕೂರುವ ಜಾಗದಲ್ಲಿ ಬಣ್ಣ ಉಜ್ಜಿ ಹೋಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ, ಮಧ್ಯೆ ರಬ್ಬರ್ ಟೇಪ್ ಇರಲಿ. ಕೊಳೆರೋಗದ ಔಷಧಿಗೆ ಬಳಸುವ ಮೈಲುತುತ್ತದ ನೀರಂತೂ ಅಲ್ಯೂಮಿನಿಯಂ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ಚೆಲ್ಲಿದರೆ ಆಗಲೇ ತೊಳೆಯಿರಿ.

ಕವರ್ ಹಾಕಿದರೆ ಮೈಲೇಜ್ ಏರುತ್ತದೆ ಅಂತ ಅಂಗಡಿಯವರು ಹೇಳಬಹುದು. ಕುಮಟಾ ದಾರಿಯ ದೇವಿಮನೆ ಘಟ್ಟದ ತಿರುವಿನಲ್ಲಿ ನಮ್ಮ ವೇಗಕ್ಕೆ ಅದೆಲ್ಲ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಆ ದುಡ್ಡಿಗೆ ದಪ್ಪನೆಯ ಒಳ್ಳೆ ಟಾರ್ಪಾಲು, ಗಟ್ಟಿ ಹಗ್ಗ ತಂದು ಸೀಟಿನ ಹಿಂದೆ ಇಡಿ. ಕವರ್ ಸುತ್ತಿಟ್ಟು ಎತ್ತರದ ಲೋಡು ಹಾಕಿದ ದಿನ ಮಳೆ ಹಿಡಿದರೆ ಅದೇ ಬೇಕು.